ಚುಕ್ಕೆ ನುಂಗಿದ ಗುಂಟೆ
ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹೊಲದ ಲೆಕ್ಕವೆಲ್ಲ ಎಕರೆ-ಗುಂಟೆಯಲ್ಲೇ. ಪಹಣಿಯಲ್ಲಿ 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ಗೆ ಗುಂಟೆಯ ಗೊಡವೆಯಿಲ್ಲ. ಗಡಿಗೆರೆಯ ತುದಿಗಳು ಕೂಡಿದ್ದರೆ ವಿಸ್ತೀರ್ಣ ಹೇಳುತ್ತದೆ, ಅಷ್ಟೆ. ನಕ್ಷೆ ಅಡಿಯಲ್ಲಿದ್ದರೆ 43,560ರಿಂದ, ಮೀಟರಿನಲ್ಲಿದ್ದರೆ 4,046.86ರಿಂದ ಭಾಗಿಸಿದಾಗ ಎಕರೆ. ಆ ಅಂಕಿಯನ್ನು ಫೀಲ್ಡ್ ಆಗಿ ಕೂರಿಸಿದರೆ, ಗೆರೆ ಸರಿಸಿ ರೀಜೆನ್ ಆದೇಶ ಕೊಟ್ಟಾಗ ಲೇಬಲ್ಲೂ ತಾನೇ ತಿದ್ದಿಕೊಳ್ಳುತ್ತದೆ. ಜಾಣತನವೇ, ಒಪ್ಪೋಣ. ಆದರೆ ಅವಸರದಲ್ಲಿ ಪಹಣಿಯ 2-20 ಅನ್ನು ದಶಮಾಂಶದ 2.20 ಎಂದು ಒತ್ತಿದರೆ ಹನ್ನೆರಡು ಗುಂಟೆ ಮಾಯ! ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ಅದು 13,068 ಚದರಡಿ. ಲೇಬಲ್‌ನಲ್ಲಿ ಎಕರೆಯ ಪಕ್ಕ ಗುಂಟೆಯನ್ನೂ ಬರೆಯುವವರೇ ನನಗೆ ಮೆಚ್ಚು. ಹಳೆಯ 33 ಅಡಿ ಸರಪಳಿಗೆ ಈ ತಂಟೆಯಿರಲಿಲ್ಲ: ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಒಂದು ಗುಂಟೆ.