ಧ್ರುವೀಕರಣ ಅಂದ್ರೆ ಎಲೆಕ್ಷನ್ ಅಲ್ಲ ಸ್ವಾಮಿ!

ಮೊನ್ನೆ ಕೊಳಗಲ್ಲಿಗೆ ಹೋಗಿದ್ದೆ. ಬೆಂಗಳೂರಲ್ಲಿ ಇಂಜಿನಿಯರ್ ಆಗಿರೋ ನಮ್ಮ ಮಾವನ ಮಗ ಕಟ್ಟೆ ಮೇಲೆ ಕೂತು ತೀರ್ಪು ಕೊಟ್ಟ. "ಮಿಲಿಮೀಟರ್ ತರಂಗ, ಪೋಲರೈಸೇಷನ್.. ಇವೆಲ್ಲ ಕನ್ನಡದಾಗ ಬರೆಯಾಕ ಆಗಲ್ಲ ಬಿಡಲೇ."

ಯಾಕಾಗಲ್ಲ? ಬೇವಿನ ಮರಕ್ಕೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ಆಡಿಸಿ. ಮೇಲೆ ಕೆಳಗೆ ಆಡಿಸಿದರೆ ಅಲೆ ನಿಂತು ಹೋಗುತ್ತೆ, ಅಡ್ಡ ಆಡಿಸಿದರೆ ಮಲಗಿ ಹೋಗುತ್ತೆ, ಗುಂಡಗೆ ತಿರುಗಿಸಿದರೆ ಸುತ್ತುತ್ತಾ ಹೋಗುತ್ತೆ. ಧ್ರುವೀಕರಣ ಅಂದ್ರೆ ಇಷ್ಟೇ.

ಒಂದು ಬಗೆಯನ್ನು ಇನ್ನೊಂದಕ್ಕೆ ಬದಲಿಸೋಕೆ ಸಫೈರ್ ಹರಳಿನ ಬಿಲ್ಲೆ ಸಾಕು. ಅದರೊಳಗೆ ಒಂದು ದಿಕ್ಕಿನ ಕಂಪನ ಬೇಗ ಸಾಗುತ್ತೆ, ಅದಕ್ಕೆ ಅಡ್ಡದ್ದು ತಡವಾಗಿ. 45 ಡಿಗ್ರಿ ಓರೆಯಾಗಿ ಬಂದ ಅಲೆಯ ಒಂದು ಪಾಲು ಕಾಲು ಅಲೆಯಷ್ಟು ಹಿಂದೆ ಬಿದ್ದರೆ ಸುತ್ತುವ ಅಲೆ ಹೊರಬರುತ್ತೆ. ಅರ್ಧ ಅಲೆಯಷ್ಟು ಬಿದ್ದರೆ ಕಂಪನದ ದಿಕ್ಕೇ ತಿರುಗುತ್ತೆ. 2 ಮಿ.ಮೀ. ಉದ್ದದ ಅಲೆಯನ್ನು ಹೀಗೆ ತಿರುಗಿಸೋಕೆ ಬಿಲ್ಲೆ ಸುಮಾರು 3 ಮಿ.ಮೀ. ದಪ್ಪ ಇರಬೇಕು. ತಲೆನೋವು ಏನಂದ್ರೆ, ಒಂದು ದಪ್ಪ ಒಂದು ಅಲೆಯುದ್ದಕ್ಕೆ ಮಾತ್ರ ಸರಿ. ಬೇರೆಯದು ಬಂದರೆ ಲೆಕ್ಕ ತಪ್ಪುತ್ತೆ.

ಇದಕ್ಕೆ ಉಪಾಯ ಹೇಳಿದ್ದು ಯಾರು ಗೊತ್ತೇ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, 1955ರಲ್ಲಿ. ಆಗಿನ್ನೂ 21 ವಯಸ್ಸು! ಒಂದರ ಬದಲು ಮೂರು ಬಿಲ್ಲೆ ತಗೊಂಡು, ಕೋನ ಲೆಕ್ಕ ಹಾಕಿ ತಿರುಗಿಸಿ ಜೋಡಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತೆ. ಅವರು ಇದನ್ನು ಮಾಡಿದ್ದು ಕಣ್ಣಿಗೆ ಕಾಣೋ ಬೆಳಕಿಗೆ. ಅದೇ ಉಪಾಯ ಮಿಲಿಮೀಟರ್ ಅಲೆಗೂ ಬಂತು. 2012ರ ಕೊನೆಯಲ್ಲಿ ಅಂಟಾರ್ಕ್ಟಿಕಾ ಮೇಲೆ ಬಲೂನಿನಲ್ಲಿ ಹಾರಿದ 'ಇಬೆಕ್ಸ್' ದೂರದರ್ಶಕದಲ್ಲಿ ಐದು ಸಫೈರ್ ಬಿಲ್ಲೆಗಳ ಜೋಡಣೆ ಇತ್ತು. ಅದು ಅಳೆಯೋಕೆ ಹೊರಟಿದ್ದು ವಿಶ್ವದ ಬಾಲ್ಯದಿಂದ ಬಂದ ಬೆಳಕಿನ ಧ್ರುವೀಕರಣವನ್ನ.

ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಕೆಲಸ ಮಾಡಿದವರು. 1969ರಲ್ಲಿ, 35ಕ್ಕೇ ತೀರಿಕೊಂಡರು. ನಾನು ಓದಿದ ಕಾಲೇಜಲ್ಲಿ ಕ್ವಾರ್ಟರ್ ವೇವ್ ಪ್ಲೇಟಿನ ಪ್ರಾಕ್ಟಿಕಲ್ ಮಾಡಿಸಿದರು. ಇವರ ಹೆಸರು ಮಾತ್ರ ಒಬ್ಬರೂ ಎತ್ತಲಿಲ್ಲ.

ತಪ್ಪು ಇಂಗ್ಲಿಷಿನವರದ್ದಷ್ಟೇ ಅಲ್ಲ, ಪದ ಟಂಕಿಸಿ ಕೈತೊಳೆದುಕೊಳ್ಳೋ ನಮ್ಮ ಪಂಡಿತರದ್ದೂ ಇದೆ. ನಮ್ಮೂರ ಕಟ್ಟೇಲಿ 'ಧ್ರುವೀಕರಣ' ಅಂದ್ರೆ ಜಾತಿ, ವೋಟು ನೆನಪಾಗುತ್ತೆ. ಬರೀ ಪದ ಕೊಟ್ಟರೆ ಸಾಲದು, ಹಗ್ಗಾನೂ ಕೈಗೆ ಕೊಡಬೇಕು. ಅವತ್ತು ಕೊಟ್ಟೆ. ಹತ್ತಿ ಬೆಳೆಯೋ ನಮ್ಮ ಮಾವ ಎರಡು ಸಲ ಆಡಿಸಿ ನೋಡಿ, "ಇಷ್ಟೇ ಏನೋ?" ಅಂದರು. ಇಂಜಿನಿಯರ್ ಸಾಹೇಬರು ಮೊಬೈಲ್ ನೋಡ್ತಾ ಕೂತರು :-)

ವಾರಕ್ಕೊಂದು ಕವನ ಬರೆಯೋ ಬ್ಲಾಗಿಗರೇ, ತಿಂಗಳಿಗೊಂದಾದರೂ ಇಂಥದ್ದು ಬರೀಬಾರದೇ? ಆಗಲ್ಲ ಅನ್ನೋದು ಕನ್ನಡದ ಬಡತನ ಅಲ್ಲ, ನಮ್ಮ ಸೋಮಾರಿತನ. ಏನಂತೀರಿ?