80ಕ್ಕೆ ನಡುಗುವ ಗಾಡಿ

ಪ್ರತಿ ಸೋಮವಾರ ನಸುಕಿನಲ್ಲಿ ಮಗಳನ್ನು ಕಿತ್ತೂರಿನಿಂದ ಧಾರವಾಡದ ಹಾಸ್ಟೆಲಿಗೆ ಬಿಡಲು ಹೊರಟರೆ ನಮ್ಮ ಹಳೆಯ ಕಾರಿನದು ಒಂದೇ ಹಟ. ಊರೊಳಗೆ ಗಪ್‌ಚಿಪ್. ಹೆದ್ದಾರಿ ಹತ್ತಿ ವೇಗ 80 ಮುಟ್ಟಿತೋ, ಚಳಿಜ್ವರ ಬಂದವರ ಕೈಯಂತೆ ಸ್ಟೇರಿಂಗ್ ನಡುಗುತ್ತಿತ್ತು. ನಾನು ಹೂಡಿದ ಉಪಾಯ ಸುಲಭದ್ದು: 70 ದಾಟಬಾರದು. ಹಾಗೇ ಎರಡು ತಿಂಗಳು ದೂಡಿದೆ.

ಅಂಗಡಿಯವರೊಬ್ಬರು ನಾಲ್ಕೂ ಟೈರು ಬದಲಿಸಿ ಎಂದರು. ಅದೆಂದರೆ ಹಾಸ್ಟೆಲಿನ ಒಂದು ಕಂತಿನ ಹಣ. ಲೆಕ್ಕ ಹಾಕುತ್ತ ಕುಳಿತಿದ್ದಾಗ ಪಿ.ಯು. ವಿಜ್ಞಾನ ಓದುವ ಮಗಳು ಕೇಳಿದಳು: "ಅಪ್ಪಾ, 80ಕ್ಕ ನಡಗತೈತಿ, 40ಕ್ಕ ಯಾಕ ನಡಗಂಗಿಲ್ಲ?"

ಪ್ರಶ್ನೆಯಲ್ಲೇ ಅರ್ಧ ಉತ್ತರವಿತ್ತು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸುತ್ತು ತಿರುಗುತ್ತದೆ. ಚಕ್ರದ ಅಂಚಿನಲ್ಲಿ ಒಂದು ಕಡೆ ಬರೀ 30 ಗ್ರಾಂ ತೂಕ ಹೆಚ್ಚಿದ್ದರೂ ಪ್ರತಿ ಸುತ್ತಿಗೂ ಸುಮಾರು 3 ಕಿಲೋ ಭಾರದಷ್ಟು ಎಳೆತ. 40ರಲ್ಲಿ ಆ ಎಳೆತ ಕಾಲು ಭಾಗ ಮಾತ್ರ. ಇನ್ನೊಂದು ಸಂಗತಿಯೂ ಇದೆ. ಪಂಚಮಿ ಜೋಕಾಲಿಯನ್ನು ಅದರ ಲಯ ಹಿಡಿದು ನೂಕಿದರೆ ಮಾತ್ರ ಮೇಲೇರುತ್ತದಲ್ಲವೇ? ಚಕ್ರ ಮತ್ತು ಅದನ್ನು ಹಿಡಿದಿರುವ ಸ್ಪ್ರಿಂಗಿಗೂ ತನ್ನದೇ ಲಯವಿದೆ. ಚಕ್ರದ ಸುತ್ತು ಅದಕ್ಕೆ ಹೊಂದಿದಾಗ ನಡುಕ ಜೋರಾಗುತ್ತದೆ. ಪಠ್ಯಪುಸ್ತಕದ ಅನುರಣನೆ ಇದೇ.

"ಹಂಗಾರ ಯಾವ ಗಾಲಿ ಅಂತ ಮೊದಲ ನೋಡೋಣ" ಎಂದಳು. ಮುಂದಿನ ಜೋಡಿಯನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿದೆವು. ಬೇರೇನನ್ನೂ ಮುಟ್ಟಲಿಲ್ಲ. ತೇಗೂರು ಸಮೀಪಿಸುವಷ್ಟರಲ್ಲಿ ಉತ್ತರ ಸಿಕ್ಕಿತು. ಸ್ಟೇರಿಂಗ್ ಸುಮ್ಮನಾಗಿ ಸೀಟು ನಡುಗತೊಡಗಿತ್ತು. ದೋಷ ಚಕ್ರದ ಜೊತೆಗೇ ಹಿಂದಕ್ಕೆ ಹೋಗಿತ್ತು! ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ದರೆ ನಾವು ಬ್ರೇಕಿನ ತಟ್ಟೆಯನ್ನು ಸಂಶಯಿಸಬೇಕಿತ್ತು.

ಕೆಲವು ನೂರು ರೂಪಾಯಿಯಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿದರೆ ಮುಗಿದೀತು ಎಂದುಕೊಂಡು ಹೋದೆ. ಯಂತ್ರದ ಮೇಲೆ ಒಂದು ಚಕ್ರ ತಿರುಗಿದಾಗ ಎದೆ ಝಲ್ಲೆಂದಿತು. ಒಳಗಿನ ಉಕ್ಕಿನ ಪಟ್ಟಿ ರಬ್ಬರಿನಿಂದ ಬಿಟ್ಟುಕೊಂಡು ಟೈರು ಒಂದು ಕಡೆ ಉಬ್ಬಿತ್ತು. ಉಬ್ಬಿದ ಟೈರಿಗೆ ಯಾವ ಸೀಸದ ತುಂಡೂ ಮದ್ದಲ್ಲ, ಅದು ಹೆದ್ದಾರಿಯಲ್ಲಿ ಯಾವಾಗ ಬೇಕಾದರೂ ಒಡೆಯಬಹುದು. ಬದಿಯಲ್ಲಿದ್ದ ಅಂಕಿ 1416, ಅಂದರೆ 2016ರ 14ನೇ ವಾರ ತಯಾರಾದದ್ದು. ಅದರ ಜೋಡಿಯದೂ ಅದೇ ವಯಸ್ಸು. ಉಳಿದೆರಡು ಇತ್ತೀಚಿನವು, ಗಟ್ಟಿಯಾಗಿದ್ದವು. ಎರಡೇ ಹೊಸ ಟೈರು ಕೊಂಡು ಹಿಂದೆ ಹಾಕಿಸಿದೆ. ಹೊಸ ಜೋಡಿ ಹಿಂದಿದ್ದರೆ ಮಳೆಯಲ್ಲಿ ಗಾಡಿಯ ಬಾಲ ಜಾರುವ ಭಯ ಕಡಿಮೆ.

ಹಣ ಅರ್ಧ ಉಳಿಯಿತು, ನಿಜ. ಆದರೆ ನನ್ನನ್ನು ಈಗಲೂ ಚುಚ್ಚುವುದು ಆ ಎರಡು ತಿಂಗಳು. 70ರಲ್ಲಿ ನಡುಕ ಅಡಗುತ್ತಿತ್ತು, ಉಬ್ಬು ಅಡಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಮಗಳಿದ್ದಳು. ಚಕ್ರ ಬದಲಿಸುವ ಮೊದಲೇ ಟೈರಿನ ಮೇಲೆ ಒಮ್ಮೆ ಕೈಯಾಡಿಸಿದ್ದರೆ ಎಲ್ಲವೂ ಅಂಗಳದಲ್ಲೇ ತಿಳಿಯುತ್ತಿತ್ತು.

ವಿದ್ಯಾರ್ಥಿಗಳೇ, ಈ ಭಾನುವಾರ ಮನೆಯ ಗಾಡಿಯ ಟೈರಿನ ಆ ನಾಲ್ಕು ಅಂಕಿ ಓದಿ, ಉಬ್ಬು, ಸೀಳು ಹುಡುಕಿ, ಅಪ್ಪ ಅಮ್ಮನಿಗೆ ಹೇಳಿ. ಪಾಲಕರೇ, ಮಕ್ಕಳು "ಯಾಕ?" ಎಂದಾಗ ವೇಗ ತಗ್ಗಿಸಿ ಸುಮ್ಮನಾಗಬೇಡಿ, ಗಾಡಿ ನಿಲ್ಲಿಸಿ ನೋಡಿ.