ಹದ ತಪ್ಪಿದ ಚಳಿಗಾಲ ಮತ್ತು ಮಾವಿನ ಹೂವು

ಉತ್ತರ ಭಾರತದ ಬಯಲುಗಳಲ್ಲಿ ಎಳೆಯ ಮಾವಿನ ಗಿಡಗಳನ್ನು ಹಿಮದಿಂದ ಉಳಿಸಲು ಕೃಷಿಕರು ಹುಲ್ಲಿನ ಹೊದಿಕೆ ಕಟ್ಟುತ್ತಾರೆ. ಹೊನ್ನಾವರ ಮತ್ತು ಕುಮಟೆಗಳ ನಡುವೆ ಕಡಲಿಗೆ ಸಮೀಪವಾಗಿರುವ ಹಳದೀಪುರಕ್ಕೆ ಅಂಥ ಹೊದಿಕೆ ಬೇಕಿಲ್ಲ. ಸಮುದ್ರವು ಇಲ್ಲಿಯ ಚಳಿಯನ್ನು ಹದದಲ್ಲಿರಿಸುತ್ತದೆ. ಆದರೂ ಕರಾವಳಿಯ ಮಾವಿಗೆ ಚಳಿಗಾಲವೇ ಪರೀಕ್ಷೆಯ ಕಾಲ. ಮರಕ್ಕೊದಗದ ಅಪಾಯ ಹೂವಿಗೆ ಒದಗುತ್ತದೆ.

ಮಾವು ಚಳಿಯನ್ನು ಬಯಸುವ ಮರವೂ ಹೌದು, ಚಳಿಗೆ ಅಂಜುವ ಮರವೂ ಹೌದು. ಮಳೆಗಾಲ ಕಳೆದು ಒಣಹವೆಯೂ ತಂಪಾದ ಇರುಳುಗಳೂ ಕೆಲವು ವಾರ ಒದಗಿದರೆ ಬಲಿತ ಕುಡಿಗಳಲ್ಲಿ ಹೂಮೊಗ್ಗು ಮೂಡುತ್ತದೆ. ಸೆಕೆ ಮುಂದುವರಿದರೆ, ಇಲ್ಲವೆ ಅಕಾಲಿಕ ಮಳೆ ಸುರಿದರೆ, ಹೂವಿನ ಬದಲು ಚಿಗುರೆಲೆ ಹೊರಡಬಹುದು. ಹೂಬಿಡುವ ಹೊತ್ತಿಗೆ ಉಷ್ಣತೆಯು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪರಾಗವು ಶಕ್ತಿಗುಂದುತ್ತದೆ. ಮೋಡ ಕವಿದು ಇಬ್ಬನಿ ಸುರಿದರೆ ಬೂದಿರೋಗವೂ ಜಿಗಿಹುಳುಗಳೂ ಹೂಗೊಂಚಲನ್ನು ಮುತ್ತುತ್ತವೆ.

ಇಂಥ ಅನಿಶ್ಚಿತ ಋತುವಿನಲ್ಲಿ ಪಂಚಾಂಗದ ದಿನ ಹಿಡಿದು ಔಷಧ ಸಿಂಪಡಿಸುವ ರೂಢಿ ಸಲ್ಲದು. ಬೂದಿರೋಗದ ಸೂಚನೆ ಕಂಡಾಗ, ಹೂವರಳುವ ಮುನ್ನವೇ, ಲೀಟರ್ ನೀರಿಗೆ 2ರಿಂದ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಾಕಾಗುತ್ತದೆ. ಅರಳಿದ ಹೂವಿನ ಮೇಲೆ ಕೀಟನಾಶಕ ಎರಚಿದರೆ ಪರಾಗವನ್ನು ಸಾಗಿಸುವ ನೊಣ, ಜೇನುಗಳೇ ಸಾಯುತ್ತವೆ, ರಕ್ಷಣೆಯೇ ಭಕ್ಷಣೆಯಾಗುತ್ತದೆ. ಹೂವಿನಲ್ಲಿಯೇ ಫಸಲನ್ನು ಗುತ್ತಿಗೆಗೆ ಕೊಡುವ ಯಜಮಾನರು ಇದನ್ನು ವಿಶೇಷವಾಗಿ ಮನಗಾಣಬೇಕು. ಒಂದು ವರ್ಷದ ಗುತ್ತಿಗೆದಾರನ ದೃಷ್ಟಿ ಆ ವರ್ಷದ ಕಾಯಿಯ ಮೇಲಿರುವುದು ಸಹಜ. ಮರ ಉಳಿಯಬೇಕಾದುದು ಮೊಮ್ಮಕ್ಕಳ ಕಾಲಕ್ಕೆ.

ಮಳೆ ನಿಂತ ಮೇಲೆ, ಕಾಯಿ ಕಚ್ಚುವವರೆಗೆ, ಬೆಳೆದ ಮರಕ್ಕೆ ನೀರು ಹಾಯಿಸದಿರುವುದು, ಒಣಗಿದ ಹಾಗೂ ಒತ್ತಾದ ಕೊಂಬೆಗಳನ್ನು ಕೊಯ್ಲಿನ ತರುವಾಯ ತೆಗೆದು ಗಾಳಿ-ಬೆಳಕಿಗೆ ದಾರಿ ಮಾಡುವುದು, ಇವು ಖರ್ಚು ಕಡಿಮೆಯಿರುವ ಉಪಾಯಗಳು. ಇವೆಲ್ಲಕ್ಕೂ ಮಿಗಿಲಾದುದು ತಳಿವೈವಿಧ್ಯ. ಬೇರೆ ಬೇರೆ ವಾರಗಳಲ್ಲಿ ಹೂಬಿಡುವ ಹಲವು ಜಾತಿಗಳಿದ್ದ ಹಿತ್ತಿಲು ಒಂದೇ ಮಳೆಗೆ ಬರಿದಾಗದು. ನೆರೆಯ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತುದು ನಾಡತಳಿಗಳ ಬೆಲೆಯನ್ನು ಸಾರುತ್ತದೆ.

ಈ ದಿಶೆಯಲ್ಲಿ ಶಾಲೆಗಳು ಮಾಡಬಹುದಾದ ಕಾರ್ಯವೊಂದುಂಟು. ಅಂಗಳದಲ್ಲೊಂದು ಉಷ್ಣಮಾಪಕ, ಒಂದು ಮಳೆಮಾಪಕ, ಒಂದು ದಪ್ಪ ವಹಿ. ಪ್ರತಿದಿನದ ಚಳಿ, ಮಳೆ, ಇಬ್ಬನಿ, ಊರಿನ ಯಾವ ಮರ ಎಂದು ಹೂಬಿಟ್ಟಿತೆಂಬ ವಿವರ, ಇಷ್ಟನ್ನು ವಿದ್ಯಾರ್ಥಿಗಳು ಬರೆದಿಡಲಿ. ದಾನಿಗಳಿಗೆ ಇದು ದೊಡ್ಡ ವೆಚ್ಚವಲ್ಲ. ಅಧ್ಯಾಪಕರಿಗೆ ದೊಡ್ಡ ಹೊರೆಯೂ ಅಲ್ಲ. ಹತ್ತು ವರ್ಷ ತುಂಬಿದ ಅಂಥ ವಹಿಯು ಊರಿನ ರೈತನಿಗೆ ಯಾವ ಅಂಗಡಿಯಲ್ಲಿಯೂ ದೊರೆಯದ ಮದ್ದಾದೀತು.